ದೇವಣಗಾಂವದ ಮಾಳಿಗೆಯಿಂದ ಬಿದ್ದ ಮಚ್ಚು

ಹೂವಿನ ಹಿಪ್ಪರಗಿಯ ಗುಂಡವ್ವ ಕಂಬಾರಳಿಗೆ ಈಗ ಅರವತ್ತಾರು. ಹದಿನಾರಕ್ಕೆ ಮದುವೆಯಾಗಿ ಬಂದ ವಾರದಲ್ಲೇ ಅವಳ ಕೈಗೆ ಘಣ ಬಂತು. ಎರಡೂ ಕೈಯಲ್ಲಿ ಎತ್ತಿ ಹೊಡೆಯುವ ದೊಡ್ಡ ಸುತ್ತಿಗೆ ಅದು. ಗಂಡ ಶ್ರೀಶೈಲ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಡುತ್ತಿದ್ದ, ಎದುರು ನಿಂತ ಇವಳು ಹೊಡೆಯುತ್ತಿದ್ದಳು. ಅವನು ತೀರಿಕೊಂಡು ಹತ್ತು ವರ್ಷವಾಯಿತು. ಈಗ ಅವಳು ಹೊಸ ಸಾಮಾನು ಮಾಡುವುದಿಲ್ಲ. ಕುಡುಗೋಲಿಗೆ ಹಲ್ಲು ಹಾಕುತ್ತಾಳೆ, ಕೊಡಲಿಗೆ ಹಿಡಿ ಕೂರಿಸುತ್ತಾಳೆ, ಮೊಂಡಾದದ್ದಕ್ಕೆ ಸಾಣೆ ಹಿಡಿಯುತ್ತಾಳೆ.

ಶ್ರೀಶೈಲ ಇದ್ದಾಗ ಇಬ್ಬರೂ ಕುಲುಮೆಯ ಸಾಮಾನನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂದು ನಾಲ್ಕೂ ಕಡೆ ಸಂತೆ ಮಾಡುತ್ತಿದ್ದರು. ಜಿಲ್ಲೆಯ ಅರ್ಧದಷ್ಟು ಕಬ್ಬಿಣ ಅವಳ ಕೈಮೇಲೆ ಹಾದುಹೋಯಿತು. ಹಾಗಾಗಿ ಯಾರೂ ಕಲಿಸದ ಒಂದು ವಿದ್ಯೆ ಅವಳಿಗೆ ಹತ್ತಿತು. ಒಂದು ಕತ್ತಿಯನ್ನು ಕೈಯಲ್ಲಿ ತೂಗಿ, ಬೆನ್ನನ್ನು ಹೆಬ್ಬೆರಳಿನಿಂದ ಸವರಿ, ಅದು ಯಾವ ಸೀಮೆಯ ಕುಲುಮೆಯಿಂದ ಹೊರಟಿದ್ದು ಅಂತ ಹೇಳುತ್ತಿದ್ದಳು. ಇಂಡಿ, ಹೊರ್ತಿ ಕಡೆಯ ಲಿಂಬೆ ತೋಟದವರ ಕತ್ತಿ ಹಗುರ, ತುದಿ ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತದೆ. ಭೀಮಾ ದಂಡೆಗೆ ಕಬ್ಬು ಕಡಿಯಲು ಬರುವ ಮಹಾರಾಷ್ಟ್ರದ ಬೀಡದ ಗ್ಯಾಂಗಿನವರ ಕೊಯ್ತಾ ಅಗಲ ಮತ್ತು ತೆಳು. ಬುಡಕ್ಕೆ ಹೊಡೆದಾಗ ಬೆರಳು ನೆಲಕ್ಕೆ ಉಜ್ಜಬಾರದೆಂದು ಹಿಡಿಯನ್ನು ತುಸು ಮೇಲೆತ್ತಿ ಕೂರಿಸಿರುತ್ತಾರೆ. ಒಂದೇ ಸಂತೆಯಲ್ಲಿ ಕೂರುವ ಇಬ್ಬರು ಕಂಬಾರರ ಕೈ ಕೂಡ ಬೇರೆ ಬೇರೆ. ಸಂತೆಯವರು ನಗುತ್ತ ಬೇಕೆಂದೇ ಹಳೆಯ ತುಕ್ಕು ಕತ್ತಿ ತಂದು ಪರೀಕ್ಷೆ ಮಾಡುತ್ತಿದ್ದರು. ಅವಳೂ ನಗುತ್ತ ಹೇಳುತ್ತಿದ್ದಳು.

ಅದು ನಗುವ ಮಾತಾಗಿ ಉಳಿಯಲಿಲ್ಲ.

ಎರಡು ಸಾವಿರದ ಹನ್ನೆರಡರ ಚಳಿಗಾಲ. ಸಿಂದಗಿ ಸಂತೆಯಲ್ಲಿ ಕೂತಿದ್ದಾಗ ಇಬ್ಬರು ಪೊಲೀಸರು ಬಂದು, ಬಟ್ಟೆಯಲ್ಲಿ ಸುತ್ತಿದ್ದ ಒಂದು ಕೊಯ್ತಾವನ್ನು ಅವಳ ಮುಂದೆ ಬಿಚ್ಚಿದರು. ದೇವಣಗಾಂವದ ಮಾಳಿಂಗ ಎಂಬ ಮೂವತ್ತು ವರ್ಷದ ರೈತ ಎಂಟು ದಿನದಿಂದ ಕಾಣೆಯಾಗಿದ್ದ. ಅವನ ಅಣ್ಣ ಶಂಕ್ರೆಪ್ಪನೇ ದೂರು ಕೊಟ್ಟಿದ್ದ. ಕಬ್ಬಿನ ಹೊಲದ ಬದುವಿನಲ್ಲಿ ಈ ಕೊಯ್ತಾ ಸಿಕ್ಕಿತ್ತು. "ಇದು ಎಲ್ಲೀದಬೇ?" ಎಂದು ಕೇಳಿದರು. ಗುಂಡವ್ವ ಯೋಚಿಸಲಿಲ್ಲ. "ಬೀಡದ ಮಂದೀದ್ರಿ. ಗ್ಯಾಂಗಿನವ್ರದು," ಎಂದಳು.

ಅವಳು ಸಂತೆಯಿಂದ ಮನೆ ಸೇರುವ ಮೊದಲೇ ಆ ಮಾತು ದೇವಣಗಾಂವ ಮುಟ್ಟಿತು. ಮರುದಿನ ಮುಂಜಾನೆ ಒಂದಷ್ಟು ಜನ ಕಬ್ಬಿನ ಗ್ಯಾಂಗಿನ ಗುಡಿಸಲುಗಳಿಗೆ ನುಗ್ಗಿ ಬೆಂಕಿ ಹಚ್ಚಿದರು. ಗ್ಯಾಂಗಿನ ಮುಕಾದಮ ಬಾಬುಲಾಲನ ಬಲಗಾಲನ್ನು ಬಡಿಗೆಯಿಂದ ಎರಡು ಕಡೆ ಮುರಿದರು. ಪೊಲೀಸರು ಹಿಡಿದದ್ದೂ ಅವನನ್ನೇ. ಮೂರು ತಿಂಗಳು ಜೈಲಿನಲ್ಲಿದ್ದು, ಪುರಾವೆ ಇಲ್ಲವೆಂದು ಹೊರಬಂದ ಅವನು ಕುಂಟುತ್ತ ತನ್ನ ಊರಿಗೆ ಹೋದ. ಮಾಳಿಂಗ ಸಿಗಲೇ ಇಲ್ಲ. ಬೀಡದವರೇ ಅವನನ್ನು ಕಡಿದು ಭೀಮಾ ನದಿಗೆ ಎಸೆದರೆಂದು ಊರು ಮಾತು ಮುಗಿಸಿತು.

ಶ್ರೀಶೈಲ ಅವಳನ್ನು ಬಯ್ಯಲಿಲ್ಲ. "ಯಾಕ ಕೇಳಾಕತ್ತೀರಿ ಅಂತ ಒಂದ ಮಾತು ಕೇಳಬೇಕಿತ್ತು ನೀ," ಎಂದಷ್ಟೇ ಹೇಳಿದ. ಅವತ್ತಿನಿಂದ ಗುಂಡವ್ವ ಯಾವ ಕತ್ತಿಯ ಊರನ್ನೂ ಬಾಯಿಬಿಟ್ಟು ಹೇಳಲಿಲ್ಲ. ಸಂತೆಯವರು ಕೇಳಿದರೆ, "ಕಣ್ಣು ಮಂಜಾಗ್ಯಾವಪಾ," ಎನ್ನುತ್ತಿದ್ದಳು.

ಹನ್ನೊಂದು ವರ್ಷ ಹೀಗೇ ಕಳೆಯಿತು.

ಎರಡು ಸಾವಿರದ ಇಪ್ಪತ್ಮೂರರ ಮೇ ತಿಂಗಳಲ್ಲಿ, ಸಿಂದಗಿ ಸಂತೆಯ ಮಟಮಟ ಮಧ್ಯಾಹ್ನ, ತಲೆತುಂಬ ಸೆರಗು ಹೊದ್ದ ಒಬ್ಬ ಹೆಂಗಸು ಬಂದು ಗುಂಡವ್ವನ ಎದುರು ಕೂತಳು. ಸಂತೆ ಚೀಲದಲ್ಲಿ ಮೆಂತ್ಯೆ ಸೊಪ್ಪಿನ ಸಿವುಡು, ಅದರಡಿ ಗೋಣಿತಟ್ಟಿನಲ್ಲಿ ಸುತ್ತಿದ ಉದ್ದನೆಯ ಏನೋ ಒಂದು ಇತ್ತು.

"ನಾ ದಾನೇಶ್ವರಿರಿ. ದೇವಣಗಾಂವದ ಮಾಳಿಂಗನ ಹೇಣ್ತಿ."

ಗುಂಡವ್ವನ ಕೈಯಲ್ಲಿದ್ದ ಅರ ನಿಂತಿತು.

ದಾನೇಶ್ವರಿ ಸಣ್ಣ ದನಿಯಲ್ಲಿ ಹೇಳಿದಳು. ಹೋದ ವಾರ ಅಡ್ಡಮಳೆ ಹೊಡೆದು, ಅವರ ದನದ ಕೊಟ್ಟಿಗೆಯ ಮಣ್ಣಿನ ಮಾಳಿಗೆ ಅರ್ಧ ಕುಸಿಯಿತು. ಭಾವ ಶಂಕ್ರೆಪ್ಪ ಆಗ ಊರಲ್ಲಿರಲಿಲ್ಲ. ಅವಳೇ ಮಣ್ಣು ತೆಗೆಯುವಾಗ ತೊಲೆಗಳ ಸಂದಿಯಿಂದ ಇದು ಬಿತ್ತು. ಶಂಕ್ರೆಪ್ಪ ಬಂದ ಮೇಲೆ ತೋರಿಸಿದಳು. ಅವನು ನೋಡಿದವನೇ ಕಸಿದುಕೊಂಡು, "ಬೀಡದ ಸೂಳಿಮಕ್ಕಳದು. ಬಾಬುಲಾಲ ಮುಚ್ಚಿಟ್ಟು ಹೋಗ್ಯಾನ," ಎಂದು ಗುಜರಿ ಚೀಲಕ್ಕೆ ಒಗೆದ. ಅವಳು ಅದನ್ನು ಚೀಲದಿಂದ ತೆಗೆದು, ಅದರ ಬದಲು ಮುರಿದ ಕುಂಟೆಯ ಕಬ್ಬಿಣ ತುರುಕಿದಳು.

"ಬಾಬುಲಾಲ ನಮ್ಮ ಮನಿ ಕಟ್ಟಿ ಹತ್ತಿದವ ಅಲ್ಲಬೇ. ನಮ್ಮ ಮಾಳಿಗ್ಯಾಗ ಹೆಂಗ ಬಂತು ಇದು?"

"ನನಗ ತೋರಿಸಬ್ಯಾಡ ತಂಗಿ," ಎಂದಳು ಗುಂಡವ್ವ. "ಒಮ್ಮಿ ಹೇಳಿ ಒಬ್ಬಂವನ ಕಾಲ ತಗದೇನಿ ನಾ. ಸ್ಟೇಷನ್ನಿಗೆ ಹೋಗು."

"ಹೋಗಿ ಏನನ್ಲಿ? ಅವ ಬೀಡದ್ದು ಅಂದಾನ. ಬೀಡದ್ದ ಆದ್ರ ನಾ ಬಾಯಿ ಮುಚ್ಚಿಕೊಂಡು ಆ ಮನ್ಯಾಗ ಇರ್ತೇನಿ. ಅಲ್ಲ ಅಂದ್ರ..." ದಾನೇಶ್ವರಿ ಬಿಸಿಲಿನ ಕಡೆ ನೋಡಿದಳು. "ಸಂಜಿಗೆ ಮತ್ತ ಅದ ಮನಿಗೇ ಹೋಗಬೇಕಲಬೇ ನಾ."

ಗುಂಡವ್ವ ಅರ ಕೆಳಗಿಟ್ಟಳು. ಕೈ ಚಾಚಿದಳು.

ಗೋಣಿತಟ್ಟು ಬಿಚ್ಚುತ್ತಲೇ ಗೊತ್ತಾಯಿತು, ಕೊಯ್ತಾ ಅಲ್ಲ. ಕೊಯ್ತಾದ ಒಂದೂವರೆಯಷ್ಟು ಭಾರದ ಮಚ್ಚು. ಬೆನ್ನು ದಪ್ಪ, ಹೊಟ್ಟೆ ಉಬ್ಬಿತ್ತು. ಕಟ್ಟಿಗೆಯ ಹಿಡಿಯೇ ಇಲ್ಲ. ಅಲಗಿನ ಹಿಂತುದಿಯನ್ನೇ ಬಡಿದು ಹಾಳೆ ಮಾಡಿ, ಕೊಳವೆಯ ಹಾಗೆ ಸುತ್ತಿದ್ದರು. ಆ ಕೊಳವೆಗೆ ಉದ್ದನೆಯ ಕೋಲು ಸಿಕ್ಕಿಸಿಕೊಂಡು, ದೂರ ನಿಂತು ಜಾಲಿ ಕಂಟಿ ಕಡಿಯಬಹುದು. ಮುಳ್ಳು ಕೈಗೆ ತಾಗುವುದಿಲ್ಲ. ಇಂಥ ಮಚ್ಚು ಲಿಂಬೆಗೂ ಬೇಡ, ಕಬ್ಬಿಗೂ ಬೇಡ. ಇದು ಕಾಲುವೆ ದಂಡೆಯ ಬಳ್ಳಾರಿ ಜಾಲಿಗೆ, ಮುದ್ದೇಬಿಹಾಳ ಸೀಮೆಯಲ್ಲಿ ಹುಟ್ಟಿದ ಸಾಮಾನು.

ಅವಳು ಕೊಳವೆಯ ಮಡಿಕೆಯ ಮೇಲೆ ಬೆರಳಾಡಿಸಿದಳು. ಬೇರೆ ಕಂಬಾರರೆಲ್ಲ ಬಲಗೈಯಲ್ಲಿ ಬಡಿಯುತ್ತಾರೆ, ಅವರ ಮಡಿಕೆ ಒಂದು ದಿಕ್ಕಿಗೆ ಬೀಳುತ್ತದೆ. ಇದು ಎದುರು ದಿಕ್ಕಿಗೆ ಬಿದ್ದಿತ್ತು. ಎಡಗೈಯಲ್ಲಿ ಸುತ್ತಿಗೆ ಹಿಡಿಯುವ ಒಬ್ಬನೇ ಒಬ್ಬನನ್ನು ಅವಳು ನಾಲ್ಕು ಸಂತೆಗಳಲ್ಲಿ ಕಂಡಿದ್ದಳು. ಮುದ್ದೇಬಿಹಾಳದ ಮೋದಿನಸಾಬ.

"ಬೀಡದ್ದಲ್ಲ," ಎಂದಳು. ದಾನೇಶ್ವರಿಯ ಮುಖ ನೋಡುವ ಧೈರ್ಯ ಆಗಲಿಲ್ಲ. ಮಚ್ಚಿನ ಮೇಲಿನ ಕಣ್ಣು ತೆಗೆಯದೆ ಕೇಳಿದಳು, "ನಿಮ್ಮ ಭಾವ ಮುದ್ದೇಬಿಹಾಳ ಕಡೆ ದುಡ್ಯಾಕ ಹೋಗಿದ್ದೇನು?"

"ಹೌದ್ರಿ. ಕಾಲವಿ ಕಂಟಿ ಕಡಿಯೂ ಕೆಲಸಕ್ಕ. ಎರಡು ವರ್ಷ ಮೇಸ್ತ್ರಿ ಆಗಿದ್ದ. ಇವ್ರು ಕಾಣಿ ಆಗೂದರ ಹಿಂದಿನ ವರ್ಷನ ಬಂದ."

ಈ ಸಲ ಗುಂಡವ್ವ ತನ್ನೊಬ್ಬಳ ಮಾತಿನಿಂದ ಯಾರ ಮೇಲೂ ತಪ್ಪು ಹೊರಿಸಲು ತಯಾರಿರಲಿಲ್ಲ. ಮಾಡಿದ ಕೈಯೇ ಹೇಳಬೇಕು. ಎರಡು ದಿನ ಬಿಟ್ಟು, ತವರಿಗೆ ಅಂದರೆ ಹೊರ್ತಿಗೆ ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಬಂದ ದಾನೇಶ್ವರಿಯನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ಹೊರಟಳು. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೇ ಇತ್ತು. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ದೇವಣಗಾಂವದ ಒಬ್ಬ ಪರಿಚಯದವ ಎದುರಾಗಿ, "ಹೊರ್ತಿ ಬಸ್ಸು ಈ ಕಡೆ ಎಲ್ಲಿಂದ ಬಂತವಾ?" ಎಂದು ನಕ್ಕು ಹೋದ. ದಾನೇಶ್ವರಿ ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡಳು.

ಮೋದಿನಸಾಬನಿಗೆ ಎಪ್ಪತ್ತೈದು ದಾಟಿತ್ತು. ಹಗ್ಗದ ಹೊರಸಿನ ಮೇಲೆ ಕೂತೇ ಗುಂಡವ್ವನನ್ನು ಗುರುತು ಹಿಡಿದು, "ಬಾ ತಂಗಿ, ಶ್ರೀಶೈಲ ಹ್ವಾದ ಮ್ಯಾಲೆ ಈ ಕಡೆ ಮಾರಿ ತೋರಿಸಲಿಲ್ಲ ನೀ," ಎಂದು ಸಂತೋಷಪಟ್ಟ. ಮಚ್ಚು ಎದುರಿಗಿಟ್ಟಾಗ ಆ ಸಂತೋಷ ಇಳಿಯಿತು. ಅದನ್ನು ಮುಟ್ಟಲಿಲ್ಲ.

"ನಂದಲ್ಲ ಇದು."

"ಅಣ್ಣಾ, ಮಡಿಕಿ ನೋಡು."

"ನಂದಲ್ಲ ಅಂದ್ನೆಲ್ಲ. ಎದಕ್ಕ ಕೇಳಾಕತ್ತಿ, ಹೇಳು ಮೊದ್ಲ."

ಗುಂಡವ್ವ ಎಲ್ಲವನ್ನೂ ಹೇಳಿದಳು. ಬಾಬುಲಾಲನ ಕಾಲಿನ ಸಂಗತಿಯನ್ನೂ ಬಿಡಲಿಲ್ಲ. ಮೋದಿನಸಾಬ ಹೇಳಿದ, "ಹೌದಂದ್ರ ನನ್ನ ಹೆಸರು ಕಾಗದದಾಗ ಬರ್ತೈತಿ ತಂಗಿ. ಈ ವಯಸ್ಸಿನ್ಯಾಗ ಯಾರ್ಯಾರ ಮನಿ ಮುಂದ ನಿಲ್ಲಲಿ ನಾ?"

ಒಳಗಿನಿಂದ ಚಹಾ ತಂದ ಅವನ ಹೆಂಡತಿ ಜನ್ನತಬಿ ತಟ್ಟೆ ಕೆಳಗಿಟ್ಟು, ದಾನೇಶ್ವರಿಯನ್ನೇ ನೋಡಿದಳು. ಹಣೆ ಖಾಲಿ ಇರಲಿಲ್ಲ. ಗಂಡ ಸತ್ತಿದ್ದು ಗೊತ್ತಾಗದೆ ಕುಂಕುಮ ಅಳಿಸುವಂತಿಲ್ಲ, ಇಡಲು ಮನಸ್ಸಿಲ್ಲ. ಸಣ್ಣದೊಂದು ಬೊಟ್ಟು ಮಾತ್ರ ಇತ್ತು.

"ಕುಲುಮಿಗೆ ಗಾಳಿ ಹಾಕೂ ತಿದಿ ನಾನ ಒತ್ತೀನಿ ಇದಕ್ಕ," ಎಂದಳು ಜನ್ನತಬಿ ಗಂಡನ ಕಡೆ ತಿರುಗಿ. "ಮೂವತ್ತು ಮಚ್ಚು ಮಾಡಿದ್ವಿ ಕಾಲವಿ ಮೇಸ್ತ್ರಿಗೆ. ಕೊಳವಿ ಸಣ್ಣದಾತು ಅಂತ ಜಗಳಾ ಮಾಡಿದ್ದ. ನೀ ಮರತಿಯೇನು? ಈ ಹುಡುಗಿ ಮುಂದ ಸುಳ್ಳ ಹೇಳಬ್ಯಾಡ."

ಮೋದಿನಸಾಬ ಆಗ ಮಚ್ಚನ್ನು ಎತ್ತಿಕೊಂಡ. ಎಡಗೈಯಲ್ಲಿ.

ಮೇಸ್ತ್ರಿಯ ಹೆಸರು ಅವನಿಗೆ ನೆನಪಿತ್ತು, ಶಂಕ್ರೆಪ್ಪ. ಭೀಮಾ ದಂಡೆ ಕಡೆಯವ. ಅಂಥ ಮಚ್ಚನ್ನು ಆ ಮೂವತ್ತು ಬಿಟ್ಟು ಬೇರೆ ಮಾಡಿಲ್ಲ, ಯಾಕೆಂದರೆ ಮುಂದಿನ ವರ್ಷದಿಂದ ಕಾಲುವೆಗೆ ಯಂತ್ರ ಬಂತು.

ಮರಳುವಾಗ ಮಚ್ಚು ಗುಂಡವ್ವನ ಬಳಿ ಉಳಿಯಿತು. "ನೀ ಹೊರ್ತಿಗೇ ಹೋಗು, ಆ ಮನಿಗೆ ಬ್ಯಾಡ," ಎಂದು ಎಷ್ಟು ಹೇಳಿದರೂ ದಾನೇಶ್ವರಿ ಕೇಳಲಿಲ್ಲ. "ಮಳಿ ಬಿದ್ದಾಗಿಂದ ಅವ ಕೊಟ್ಟಿಗಿ ಬಿಟ್ಟು ಕದಲವಲ್ಲ. ಗ್ವಾದಲಿ ಹತ್ರ ಯಾರನ್ನೂ ಬಿಡವಲ್ಲ. ನಾ ಅಲ್ಲಿರಬೇಕು," ಎಂದಳು. ದನಗಳಿಗೆ ಮೇವು ಹಾಕುವ ಕಲ್ಲಿನ ಗ್ವಾದಲಿ ಅದು. ಮಾಳಿಂಗ ಕಾಣೆಯಾದ ತಿಂಗಳೇ ಶಂಕ್ರೆಪ್ಪ ಅದನ್ನು ಕಿತ್ತು ಹೊಸದಾಗಿ ಕಟ್ಟಿಸಿದ್ದನಂತೆ. ಅದನ್ನು ಹೇಳುವಾಗ ದಾನೇಶ್ವರಿಯ ದನಿಯಲ್ಲಿ ನಡುಕವೇ ಇರಲಿಲ್ಲ. ಗುಂಡವ್ವನಿಗೆ ಹೆದರಿಕೆಯಾದದ್ದು ಅದಕ್ಕೇ.

ಮೂರನೇ ದಿನ ಶಂಕ್ರೆಪ್ಪ ಹಿಪ್ಪರಗಿಗೆ ಬಂದ. ಬಿಸಿಲು ನೆತ್ತಿಗೇರಿತ್ತು, ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಮೋಟರ್ ಸೈಕಲ್ ನಿಲ್ಲಿಸಿ, ಬಿಳಿ ಟೊಪ್ಪಿಗೆ ತೆಗೆದು ಬೆವರೊರೆಸಿಕೊಂಡು, ಕುಲುಮೆಯ ಎದುರಿನ ಕಲ್ಲಿನ ಮೇಲೆ ಕೂತ. ಐವತ್ತರ ಗಟ್ಟಿ ಆಳು. ಒಂದು ಕೊಡಲಿ ಮುಂದಿಟ್ಟ.

"ಸಾಣಿ ಹಿಡಿಯವಾ."

ಗುಂಡವ್ವ ಹಿಡಿದಳು. ಮಚ್ಚು ಅವಳ ಹಿಂದೆ, ಇದ್ದಿಲ ರಾಶಿಯ ಕೆಳಗಿತ್ತು.

"ನಮ್ಮ ಮನಿ ಹೆಣಮಗಳು ನಿನ್ನ ಕೂಡ ತಿರಗ್ಯಾಡಾಕತ್ತಾಳಂತ," ಎಂದ ಅವನು, ರಸ್ತೆ ನೋಡುತ್ತ.

"ಸಂತ್ಯಾಗ ಗುರ್ತಾದಾಳ್ರಿ."

"ಆಕೀ ತಲಿ ಸುಮಾರೈತಿ. ಗಂಡ ಹ್ವಾದಾಗಿಂದ. ಏನೇನರ ಅಂತಾಳ. ನೀ ವಯಸ್ಸಾದಾಕಿ, ಮನಸಿಗೆ ಹಚ್ಚಿಕೋಬ್ಯಾಡ." ಕೊಡಲಿ ತೆಗೆದುಕೊಂಡು ಮುಂಗೈಯ ಕೂದಲಿನ ಮೇಲೆ ಎಳೆದು ನೋಡಿದ. ಕೂದಲು ಉದುರಿತು. "ಬೇಸ್ ಆಗೇತಿ. ಆವತ್ತ ಪೊಲೀಸರ ಮುಂದ ಬೀಡದ್ದು ಅಂದಾಕಿ ನೀನ ಹೌದಲ್ಲೇನು? ಖರೇ ಮಾತು ಆಡಿದ್ದಿ. ಒಮ್ಮಿ ಆಡಿದ ಮಾತು ತಿರುವಿ ಆಡಬಾರದು."

ಎದ್ದು ಗಾಡಿ ಚಾಲೂ ಮಾಡಿ, ಹೋಗುವ ಮುನ್ನ ಹೇಳಿದ, "ನಾಳಿ ಮುಂಜಾನೆ ಕೊಟ್ಟಿಗಿಗೆ ಸಿಮೆಂಟ್ ಹಾಕಸ್ತೇನಿ. ನೆಲಾ ಎಲ್ಲಾ. ಸಾಕಾಗೇತಿ ಈ ಮಣ್ಣು."

ಗಾಡಿಯ ಸದ್ದು ಅಡಗಿದ ಮೇಲೆ ಗುಂಡವ್ವ ದಾನೇಶ್ವರಿಗೆ ಫೋನು ಹಚ್ಚಿದಳು. ಬಂದ್ ಇತ್ತು. ಮತ್ತೆ ಹಚ್ಚಿದಳು. ಬಂದ್. ಕುಲುಮೆಗೆ ನೀರು ಸುರಿದು, ಇದ್ದಿಲು ಮೆತ್ತಿದ ಕೈಯಲ್ಲೇ ಮಚ್ಚನ್ನು ಚೀಲಕ್ಕೆ ಹಾಕಿಕೊಂಡು ಸಿಂದಗಿಯ ಬಸ್ಸು ಹತ್ತಿದಳು.

ಠಾಣೆಯಲ್ಲಿದ್ದ ಹೊಸ ಫೌಜದಾರ ಪ್ರೇಮಕುಮಾರ ಅವಳ ಮಾತನ್ನು ಅರ್ಧ ಕೇಳಿ, ಮಚ್ಚನ್ನು ಮಗುಚಿ ನೋಡಿ ಕೇಳಿದ, "ಇದ್ರಾಗ ಕೊಲಿ ಎಲ್ಲೈತವಾ? ಅವ ಮುದ್ದೇಬಿಹಾಳದಾಗ ದುಡದಾನ, ಮಚ್ಚು ತಂದಾನ. ತಪ್ಪೇನು?"

"ಕೊಲಿ ನಾ ಹೇಳಾಕತ್ತಿಲ್ರಿ ಸಾಹೇಬ್ರ. ಅದು ಎಲ್ಲೀದು ಅಂತ ಅಷ್ಟ ಹೇಳತೇನಿ. ತಾನ ಮಾಡಿಸಿದ ಮಚ್ಚು, ಜಗಳಾ ಮಾಡಿ ತಗೊಂಡ ಮಚ್ಚು. ಅದನ್ನ ನೋಡಿ ಬೀಡದ್ದು ಅಂತ ಯಾಕ ಅಂದ? ಅದನ್ನ ನೀವ ಕೇಳ್ರಿ. ನಾಳಿ ಸಿಮೆಂಟ್ ಬೀಳೂದರಾಗ ಕೇಳ್ರಿ."

ಪ್ರೇಮಕುಮಾರ ಮಚ್ಚನ್ನು ಮೇಜಿನ ಮೇಲಿಟ್ಟ. ಆಮೇಲೆ ಬಾಗಿಲು ಹಾಕಿಸಿ, ಮೊದಲಿನಿಂದ ಹೇಳಲು ಹೇಳಿದ. ಈ ಸಲ ಗ್ವಾದಲಿಯ ಸಂಗತಿಯನ್ನೂ ಸೇರಿಸಿ ಬರೆದುಕೊಂಡ. ದೇವಣಗಾಂವಕ್ಕೆ ಒಬ್ಬ ಪೇದೆಯನ್ನು ಆಗಲೇ ಕಳಿಸಿದ. ನೆಲ ಅಗೆಯಲು ಮೇಲಿನವರ ಒಪ್ಪಿಗೆ ಬೇಕೆಂದು ಫೋನಿಗೆ ಕೂತ.

ಮರುದಿನ ಮುಂಜಾನೆ ಒಂಬತ್ತಕ್ಕೆ ಜೀಪು ದೇವಣಗಾಂವ ಮುಟ್ಟಿದಾಗ, ಅಂಗಳದಲ್ಲಿ ಸಿಮೆಂಟು ಕಲಸಿ ಇಟ್ಟಾಗಿತ್ತು. ಆದರೆ ಕೆಲಸ ನಿಂತಿತ್ತು. ಅರ್ಧ ಕುಸಿದ ಮಾಳಿಗೆಯ ಕೆಳಗೆ, ದಾನೇಶ್ವರಿ ಗ್ವಾದಲಿಯೊಳಗೆ ಹತ್ತಿ ಕೂತಿದ್ದಳು. ಶಂಕ್ರೆಪ್ಪ ಫೋನು ಕಸಿದುಕೊಂಡಿದ್ದ. ಕೈ ಹಿಡಿದು ಎಳೆದಿದ್ದ, ಬಳೆ ಒಡೆದು ಮುಂಗೈಯಿಂದ ರಕ್ತ ಸುರಿದು ಒಣಗಿತ್ತು. ಕೂಲಿಯವರು ಬುಟ್ಟಿ ಕೆಳಗಿಟ್ಟು ದೂರ ನಿಂತಿದ್ದರು. ಹಿಂದಿನ ದಿನ ಬಂದ ಪೇದೆ ಬಾಗಿಲಲ್ಲಿ ನಿಂತಿದ್ದನಾದರೂ, ಏನು ಮಾಡಬೇಕೆಂದು ಅವನಿಗೂ ತಿಳಿದಿರಲಿಲ್ಲ. ಶಂಕ್ರೆಪ್ಪ ಕಂಬಕ್ಕೆ ಒರಗಿ, ಏನೂ ಆಗಿಲ್ಲವೆಂಬಂತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ತಹಶೀಲ್ದಾರರು ಬರುವ ತನಕ ಯಾರೂ ಕದಲಲಿಲ್ಲ. ಜೀಪಿನಲ್ಲೇ ಬಂದಿದ್ದ ಗುಂಡವ್ವ ಹೋಗಿ ಕೈ ಚಾಚಿದಾಗಲೇ ದಾನೇಶ್ವರಿ ಕೆಳಗಿಳಿದದ್ದು. ಗ್ವಾದಲಿಯ ಕಲ್ಲು ಎತ್ತಿಸಿ ನಾಲ್ಕಡಿ ಅಗೆದಾಗ ಮೊದಲು ಒಂದು ಚರ್ಮದ ಚಪ್ಪಲಿ ಬಂತು. ಆಮೇಲೆ ಎಲುಬು. ಸೊಂಟದ ಎಲುಬಿಗೆ ಕಪ್ಪಾದ ಬೆಳ್ಳಿಯ ಉಡದಾರ ಸುತ್ತಿತ್ತು. ದಾನೇಶ್ವರಿ ಅದನ್ನು ನೋಡಿ, "ನಮ್ಮವ್ವ ಕೊಟ್ಟಿದ್ದು, ಲಗ್ನದಾಗ," ಎಂದಳು. ಅಳಲಿಲ್ಲ. ಹನ್ನೊಂದು ವರ್ಷ ದಿನಕ್ಕೆರಡು ಹೊತ್ತು ಅದೇ ಗ್ವಾದಲಿಗೆ ಅವಳು ಮೇವು ಹಾಕಿದ್ದಳು. ಹೊಲದ ಪಾಲು ಕೇಳಿದ್ದಕ್ಕೆ ಹೊಡೆದೆ ಅಂತ ಶಂಕ್ರೆಪ್ಪ ಸಂಜೆಯ ಹೊತ್ತಿಗೆ ಒಪ್ಪಿಕೊಂಡ. ಕೋರ್ಟಿನಲ್ಲಿ ಅದನ್ನೇ ಇಲ್ಲವೆಂದ.

ಬಾಬುಲಾಲನ ಫೋನು ನಂಬರನ್ನು ಗುಂಡವ್ವ ಫೌಜದಾರನ ಕೈಯಿಂದಲೇ ಪಡೆದಳು. ತಪ್ಪಾಯಿತು ಅನ್ನಬೇಕೆಂದು ಎಷ್ಟೋ ದಿನ ಮಾತು ಜೋಡಿಸಿಕೊಂಡಿದ್ದಳು. ಅವನು ಪೂರ್ತಿ ಕೇಳಿದ.

"ನೀ ಸುಳ್ಳು ಹೇಳಿರಲಿಲ್ಲ ಬಾಯಿ," ಎಂದ ಅವನ ಮರಾಠಿ ಬೆರೆತ ಕನ್ನಡದಲ್ಲಿ. "ಆ ಕೊಯ್ತಾ ನಂದ. ಬದುವಿನ್ಯಾಗ ಮರತಿದ್ದೆ. ನೀ ಖರೇ ಹೇಳಿದಿ, ನನ್ನ ಕಾಲು ಹೋತು. ಈಗ ಖರೇ ಹೇಳಿದಿ, ಆಕೀ ಗಂಡ ಸಿಕ್ಕ. ನಾ ಏನನ್ಲಿ?" ಫೋನು ಇಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಶಂಕ್ರೆಪ್ಪನಿಗೆ ಹದಿನಾಲ್ಕು ತಿಂಗಳಿಗೆ ಜಾಮೀನು ಸಿಕ್ಕಿತು. ದಾನೇಶ್ವರಿ ಅಷ್ಟರಲ್ಲಿ ಹೊರ್ತಿಯ ತವರಿಗೆ ಹೋಗಿದ್ದಳು. ಸಾಕ್ಷಿ ಹೇಳುವ ಮೊದಲೇ ಮೋದಿನಸಾಬ ತೀರಿಕೊಂಡ. ಅವನ ಬದಲು ಜನ್ನತಬಿ ಕಟಕಟೆ ಹತ್ತಿದಳು, ತಿದಿ ಒತ್ತಿದ್ದು ನಾನೇ ಎಂದಳು.

ಗುಂಡವ್ವನ ಪಾಳಿ ಬಂದಾಗ ಶಂಕ್ರೆಪ್ಪನ ವಕೀಲ ಮೇಜಿನ ಮೇಲೆ ಐದು ಹಳೆಯ ಕತ್ತಿಗಳನ್ನು ಸಾಲಾಗಿ ಇಡಿಸಿದ. ನ್ಯಾಯಾಧೀಶರು ಒಪ್ಪಿದರು. ಅವಳು ಒಂದೊಂದನ್ನೇ ಎತ್ತಿದಳು. ಮೊದಲನೆಯದು ಇಂಡಿಯದು. ಎರಡನೆಯದು ಬೀಡದ್ದು, ಹಿಡಿ ಮಾತ್ರ ಇಲ್ಲಿ ಹಾಕಿದ್ದು. ಮೂರನೆಯದು ಬಾಗೇವಾಡಿಯದು. ನಾಲ್ಕನೆಯದು ಕುಲುಮೆಯದಲ್ಲ, ಕಾರಖಾನೆಯದು. ಐದನೆಯದನ್ನು ಬಹಳ ಹೊತ್ತು ತಿರುವಿ ನೋಡಿ ಕೆಳಗಿಟ್ಟಳು.

"ಗೊತ್ತಾಗವಲ್ದುರಿ."

ವಕೀಲ ಕಾದದ್ದು ಅದಕ್ಕೇ. "ಅಂದ್ರೆ ನಿಮಗೆ ತಪ್ಪೂ ಆಗಬಹುದು."

"ಗೊತ್ತಿಲ್ದಕ್ಕ ಗೊತ್ತಿಲ್ಲ ಅಂದೇನ್ರಿ. ತಪ್ಪು ಹೇಳಿಲ್ಲ."

ನ್ಯಾಯಾಧೀಶರು ತಲೆ ಎತ್ತಿ ಅವಳನ್ನು ನೋಡಿ, ಏನೋ ಬರೆದುಕೊಂಡರು.

ಆ ಸಂಜೆ ವಿಜಯಪುರದಿಂದ ಹಿಪ್ಪರಗಿಗೆ ಹೊರಟ ಬಸ್ಸಿನಲ್ಲಿ ಶಂಕ್ರೆಪ್ಪ ಹತ್ತಿ, ಅವಳ ಹಿಂದಿನ ಸೀಟಿನಲ್ಲೇ ಕೂತ. ಅವನ ಊರಿನ ದಾರಿ ಅದಲ್ಲ. ಎಲೆ ಅಡಿಕೆಯ ವಾಸನೆ ಅವಳ ಕುತ್ತಿಗೆಗೆ ಬಡಿಯುತ್ತಿತ್ತು. ಬಾಗೇವಾಡಿಯಲ್ಲಿ ಬಸ್ಸು ಅರ್ಧ ಖಾಲಿಯಾಯಿತು, ಅವನು ಇಳಿಯಲಿಲ್ಲ. ಹಿಪ್ಪರಗಿಯಲ್ಲಿ ಅವಳು ಇಳಿದಾಗ ಕಿಟಕಿಯಿಂದ ಅವನು ನೋಡುತ್ತಿದ್ದ. ಬಸ್ಸು ಮುಂದೆ ಹೋಯಿತು. ಅವತ್ತಿನಿಂದ ತೀರ್ಪಿನವರೆಗಿನ ಐದು ತಿಂಗಳು ಅವಳು ಒಬ್ಬಳೇ ಮಲಗಲಿಲ್ಲ, ಪಕ್ಕದ ಮನೆಯ ಕಾಶಿಬಾಯಿಯನ್ನು ಕರೆದುಕೊಂಡು ಮಲಗಿದಳು. ಜೀವಾವಧಿ ಶಿಕ್ಷೆಯಾಯಿತು ಅಂತ ಫೌಜದಾರ ಫೋನು ಮಾಡಿದ ದಿನ ಅವಳಿಗೆ ಸಂತೋಷವೇನೂ ಆಗಲಿಲ್ಲ. ಮಧ್ಯಾಹ್ನ ಮಲಗಿದವಳು ಮರುದಿನ ಎದ್ದಳಂತೆ, ಅಷ್ಟೇ.

ಪೇಪರಿನಲ್ಲಿ ಅವಳ ಹೆಸರು ಬಂದ ಮೇಲೆ ಕುಲುಮೆಗೆ ಜನ ಜಾಸ್ತಿಯಾಗಿದ್ದಾರೆ. ಸಾಣೆಗೆ ಬರುವವರೇ ಹೆಚ್ಚು. ಆದರೆ ಹೋದ ತಿಂಗಳು ಗುರುತಿಲ್ಲದ ಒಬ್ಬ ನಡುವಯಸ್ಸಿನವ ಬಂದು, ಗೊಬ್ಬರದ ಚೀಲದಿಂದ ತುಕ್ಕು ಹಿಡಿದ ಒಂದು ಕತ್ತಿ ತೆಗೆದು, "ಇದು ಯಾವ ಕಡೆದು ಹೇಳಬೇ," ಎಂದ.

"ನಿನಗ ಯಾಕ ಬೇಕಾಗೇತಪಾ?"

"ಸುಮ್ನ."

"ಸುಮ್ನ ಕೇಳಿದ್ರ ನಾ ಹೇಳೂದಿಲ್ಲ."

ಅವನು ಅವಳನ್ನೇ ನೋಡುತ್ತ ನಿಂತ. ಕತ್ತಿಯನ್ನು ನಿಧಾನವಾಗಿ ಚೀಲದಲ್ಲಿ ಸುತ್ತಿ, ಗಾಡಿ ಹತ್ತಿ ಬಾಗೇವಾಡಿ ರಸ್ತೆ ಹಿಡಿದ. ಗುಂಡವ್ವ ಎದ್ದು, ಒಂದು ಇದ್ದಿಲ ತುಂಡು ಹುಡುಕಿ, ಹಿಂದಿನ ಗೋಡೆಯ ಮೇಲೆ ಅವನ ಗಾಡಿಯ ನಂಬರು ಬರೆದಿಟ್ಟಳು.